ಮುತ್ತುಗ, ಹಾಲುವಾಣ ಮತ್ತು ಹಕ್ಕಿ

ಮಾಘ-ಫಾಲ್ಗುಣಗಳಲ್ಲಿ ಶಿಕಾರಿಪುರದಿಂದ ಸೊರಬಕ್ಕೆ ಹೋಗುವವರಿಗೆ ಮೊದಲು ಬಯಲಿನ ಕುರುಚಲುಗಳಲ್ಲಿ ಎಲೆಯುದುರಿಸಿ ನಿಂತ ಮುತ್ತುಗದ ಕಿತ್ತಳೆಗೆಂಪೂ, ಮಳೆ ಹೆಚ್ಚಿ ಕಾನುಗಳೂ ಅಡಕೆ ತೋಟಗಳೂ ಮೊದಲಾದ ಮೇಲೆ ಮೆಣಸಿನ ಬಳ್ಳಿಗೆ ಆಸರೆಯಾದ ಹಾಲುವಾಣದ ಕಡುಗೆಂಪೂ ಕಾಣಸಿಗುತ್ತವೆ. ಇವೆರಡೂ, ಊರೂರಿನ ಹೊಂಗೆಯೂ, ಅವರೆ-ತೊಗರಿಗಳ ಕುಟುಂಬದವೇ ಆಗಿವೆ. ಆದರೂ ಹೊಂಗೆಯ ಹೂವನ್ನು ಇವುಗಳ ಪಕ್ಕದಲ್ಲಿಟ್ಟರೆ ಒಂದೇ ಮನೆತನವೆಂದು ವಿದ್ಯಾರ್ಥಿಗಳು ಬೇಗ ಒಪ್ಪುವುದಿಲ್ಲ.

ಈ ಕುಟುಂಬದ ಹೂವಿನ ಪರಿಚಿತ ರಚನೆ ಜೇನ್ನೊಣಗಳಿಗೆ ಹೊಂದಿದುದು: ಮೇಲೆ ಧ್ವಜದಳ, ಇಕ್ಕೆಲಗಳಲ್ಲಿ ರೆಕ್ಕೆದಳಗಳು, ಕೆಳಗೆ ಕೇಸರಗಳನ್ನು ಮುಚ್ಚಿಕೊಂಡ ದೋಣಿದಳ. ಹೊಂಗೆಯಲ್ಲಿ ನೊಣವು ಕುಳಿತು ಒತ್ತಿದೊಡನೆ ಕೇಸರಗಳು ಚಿಮ್ಮಿ ಪರಾಗವು ಅದರ ಮೈಗೆ ಅಂಟುತ್ತದೆ. ಮುತ್ತುಗದಲ್ಲಿ ಅದೇ ದೋಣಿ ಹಿರಿದಾಗಿ ಗಿಣಿಯ ಕೊಕ್ಕಿನಂತೆ ಬಾಗಿದೆ, ಮಕರಂದವೂ ಹೇರಳ. ಹಾಲುವಾಣದಲ್ಲಿ ದೋಣಿಯೂ ರೆಕ್ಕೆಗಳೂ ಕುಗ್ಗಿ, ಧ್ವಜವೊಂದೇ ಹಿಗ್ಗಿ, ಕೇಸರಗಳು ಹೊರಕ್ಕೆ ಚಾಚಿವೆ. ಇವು ಹಕ್ಕಿಗಳ ಹೂಗಳು. ಕೆಂಪು ಹಕ್ಕಿಗೆ ಸ್ಪಷ್ಟವಾಗಿ ಕಾಣುತ್ತದೆ. ಜೇನ್ನೊಣದ ಕಣ್ಣಿನಲ್ಲಿ ಅದಕ್ಕೆ ಪ್ರತ್ಯೇಕ ಗ್ರಾಹಕವೇ ಇಲ್ಲ.

“ಹಕ್ಕಿಯನ್ನು ಕರೆಯಲೆಂದು ಹೂ ಕೆಂಪಾಯಿತು” ಎಂದು ತರಗತಿಯಲ್ಲಿ ನಾವು ಹೇಳಿಬಿಡುವುದುಂಟು. ಮಾತಿಗೆ ಸುಲಭ, ಆದರೆ ತಪ್ಪು; ಮರಕ್ಕೆ ಉದ್ದೇಶವಿಲ್ಲ. ಹುಟ್ಟಿನಿಂದಲೇ ತುಸು ತುಸು ಭಿನ್ನವಾದ ಹೂಗಳಲ್ಲಿ ಯಾವುದರ ಪರಾಗ ಇನ್ನೊಂದು ಮರದ ಶಲಾಕಾಗ್ರವನ್ನು ಹೆಚ್ಚಾಗಿ ಮುಟ್ಟಿತೋ ಅದರ ಸಂತತಿ ಹೆಚ್ಚಿತು. ತಲೆಮಾರುಗಳು ಕಳೆದಂತೆ ರೂಪವು ಆ ಕಡೆಗೆ ಸರಿಯಿತು. ಹಾಲುವಾಣದ ಕುಲವೇ ಇದಕ್ಕೆ ಸಾಕ್ಷಿ. ನಮ್ಮಲ್ಲಿ ಹಕ್ಕಿ ಕುಳಿತು ಕುಡಿಯುತ್ತದೆ, ಹೂ ತೆರೆದಿರುತ್ತದೆ. ಅಮೆರಿಕ ಖಂಡಗಳಲ್ಲಿ ಗಾಳಿಯಲ್ಲಿ ನಿಂತೇ ಕುಡಿಯುವ ಹಮ್ಮಿಂಗ್ ಹಕ್ಕಿಗಳುಂಟು. ಅಲ್ಲಿಯ ಅನೇಕ ಪ್ರಭೇದಗಳಲ್ಲಿ ಧ್ವಜದಳ ಮಡಿಚಿ ನಳಿಕೆಯಂತಾಗಿದೆ. ಆನ್ ಬ್ರೂನೋ ಅವರು 1997ರಲ್ಲಿ ಪ್ರಕಟಿಸಿದ ವಂಶಾವಳಿಯ ಅಧ್ಯಯನದಂತೆ, ಕುಳಿತು ಕುಡಿಯುವ ಹಕ್ಕಿಗಳ ಹೂವೇ ಈ ಕುಲದಲ್ಲಿ ಹಳೆಯದು. ಹಮ್ಮಿಂಗ್ ಹಕ್ಕಿಗೊಗ್ಗಿದ ಹೂ ಕನಿಷ್ಠ 4 ಸಲ ಬೇರೆಬೇರೆಯಾಗಿ ಹುಟ್ಟಿದೆ.

ಆದರೆ ರೂಪವನ್ನು ಕಂಡೊಡನೆ ಪರಾಗವಾಹಕನ ಹೆಸರನ್ನು ಹೇಳುವ ಅವಸರ ಸಲ್ಲದು. ದೆಹಲಿ ವಿಶ್ವವಿದ್ಯಾನಿಲಯದ ತಂಡನ್, ಶಿವಣ್ಣ, ಮೋಹನರಾಮ್ ಅವರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮುತ್ತುಗಕ್ಕೆ ಬಂದ ಹಲವು ಬಗೆಯ ಹಕ್ಕಿಗಳಲ್ಲಿ ಪರಾಗಸ್ಪರ್ಶವನ್ನು ಸರಿಯಾಗಿ ನಡೆಸಿದುದು ನೇರಳೆ ಸೂರಕ್ಕಿಯೊಂದೇ, ಉಳಿದವು ಮಕರಂದಚೋರರು. ಇನ್ನೊಂದು ಪರಾಗವಾಹಕ ಅಳಿಲು! ಹೂವಿನ ಬಣ್ಣ-ಆಕಾರಗಳನ್ನು ನೋಡಿ ಇದನ್ನು ಯಾರೂ ಊಹಿಸುತ್ತಿರಲಿಲ್ಲ. ಶಿಕಾರಿಪುರದ ಮುತ್ತುಗದಡಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಯು ಬಂದ ಹಕ್ಕಿಯ ಹೆಸರಿನೊಡನೆ, ಅದರ ಕೊಕ್ಕು ಧ್ವಜ-ದೋಣಿಗಳ ನಡುವೆ ಹೊಕ್ಕಿತೋ ಪಕ್ಕದಿಂದ ತೂರಿತೋ, ಶಲಾಕಾಗ್ರವು ಅದರ ಮೈಗೆ ತಗುಲಿತೋ ಇಲ್ಲವೋ ಎಂಬುದನ್ನೂ ಗುರುತಿಸಿಕೊಳ್ಳಬೇಕು.