ಬರಿದಾದ ಮನೆ ಹೇಳುವ ಕಥೆ

ಚಾಣಕ್ಯಪುರಿಯ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ, 1899ರಲ್ಲಿ ನಿರ್ಮಿತವಾದ ಮೈಸೂರು ಮಹಾರಾಜರ ಸಲೂನು ಗಾಡಿಯಿದೆ. ರಜೆಯ ದಿನ ಅಲ್ಲಿಗೆ ಹೋದ ಕನ್ನಡಿಗನು ಅದರೆದುರು ಒಂದು ಗಳಿಗೆ ನಿಲ್ಲದಿರಲಾರ. ಗಾಡಿಯಲ್ಲಿ ಪ್ರಯಾಣಿಕರಾರೂ ಇಲ್ಲ. ಆದರೂ ಆ ತೇಗದ ಮರಗೆಲಸವನ್ನು ಕಂಡೊಡನೆ, ಎಂದೋ ಮುಗಿದ ಪ್ರಯಾಣವೊಂದನ್ನು ಮನಸ್ಸು ತಾನೇ ಕಲ್ಪಿಸಿಕೊಳ್ಳುತ್ತದೆ.

ನೋಡುವವನೇ ಕಥೆಯನ್ನು ಹುಡುಕಿ ಜೋಡಿಸಿಕೊಳ್ಳುವ ಈ ಬಗೆಯು ಇಂದು ವಿಡಿಯೋ ಆಟಗಳಲ್ಲಿಯೂ ಬೆಳೆದುಬಂದಿದೆ. ಅಮೆರಿಕದ ಫುಲ್‌ಬ್ರೈಟ್ ಸಂಸ್ಥೆಯು 2013ರಲ್ಲಿ ಹೊರತಂದ ‘ಗಾನ್ ಹೋಮ್’ ಇದಕ್ಕೊಂದು ನಿದರ್ಶನ. ಅದರಲ್ಲಿ ಕಾದಾಟವಿಲ್ಲ, ಅಂಕಗಳ ಗಳಿಕೆಯೂ ಇಲ್ಲ. ಒಂದು ವರ್ಷ ಯೂರೋಪಿನಲ್ಲಿದ್ದ ಮಗಳು 1995ರ ಜೂನ್ ತಿಂಗಳ ಒಂದು ಮಳೆಯ ರಾತ್ರಿ ಮನೆಗೆ ಮರಳುತ್ತಾಳೆ. ಅವಳು ದೂರವಿದ್ದಾಗ ಮನೆಯವರು ಹೊಸ ಮನೆಗೆ ಬಂದಿರುವರು. ಆದರೆ ಈಗ ಅಲ್ಲಿ ಯಾರೂ ಇಲ್ಲ. ಬಾಗಿಲಲ್ಲಿ ತಂಗಿಯ ಚೀಟಿಯೊಂದು ಮಾತ್ರ ಇದೆ. ಆಟಗಾರನು ಕೋಣೆಯಿಂದ ಕೋಣೆಗೆ ನಡೆದು, ದೀಪ ಹಾಕಿ, ಸೆಳೆಖಾನೆಗಳನ್ನು ತೆರೆದು ನೋಡಬೇಕು. ಪೆಟ್ಟಿಗೆಗಳಲ್ಲಿ ಉಳಿದ ತಂದೆಯ ಕಾದಂಬರಿಯ ಪ್ರತಿಗಳು, ಕಾಗದಪತ್ರಗಳು, ತಂಗಿಯ ಬರಹಗಳು—ಇವೇ ಒಂದೊಂದಾಗಿ ಆ ಸಂಸಾರದ ಸುಖದುಃಖಗಳನ್ನು ತಿಳಿಸುತ್ತವೆ. ತಂಗಿ ಎಲ್ಲಿಗೆ ಹೋದಳೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಆಡುವವರಿಗೆ ಅನ್ಯಾಯವಾದೀತು.

ಈ ರೀತಿ ನಮಗೆ ತೀರ ಹೊಸದೇನೂ ಅಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಸುತ್ತ ನಡೆಯುವವನಿಗೆ ಗೋಡೆಯ ಶಿಲ್ಪಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತಗಳು ಹೆಜ್ಜೆಹೆಜ್ಜೆಗೂ ತೆರೆದುಕೊಳ್ಳುತ್ತವೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟದಲ್ಲಿ ಕಾದಾಟವುಂಟು. ಆದರೂ ತಮ್ಮನನ್ನು ಅರಸುತ್ತ ಹೊರಟ ಹುಡುಗಿಗೆ ಪುರಾಣಗಳ ಪರಿಚಯವಾಗುವುದು ದಾರಿಯ ಭಿತ್ತಿಚಿತ್ರಗಳಿಂದಲೇ.

ಆದರೆ ಊರು ಬಿಟ್ಟು ದುಡಿಯುವ ನಮಗೆ ‘ಗಾನ್ ಹೋಮ್’ ಹೆಚ್ಚು ಆಪ್ತವೆನಿಸುತ್ತದೆ. ಹೋಟೆಲಿನ ಕೆಲಸಗಾರನಾಗಲಿ ಕಚೇರಿಯ ಗುಮಾಸ್ತನಾಗಲಿ, ವಾರಕ್ಕೊಮ್ಮೆ ಫೋನಿನಲ್ಲಿ ಕೇಳುವುದು “ಎಲ್ಲರೂ ಕ್ಷೇಮ” ಎಂಬ ಮಾತನ್ನೇ. ಎರಡು ವರ್ಷಗಳ ಮೇಲೆ ಹೊಸ್ತಿಲು ದಾಟಿದಾಗ ಮನೆಯೇ ಉಳಿದುದನ್ನು ಹೇಳುತ್ತದೆ: ಗೂಡಿನಲ್ಲಿ ತಾಯಿಯ ಹೊಸ ಮಾತ್ರೆಗಳು, ಬರಿದಾದ ಕೊಟ್ಟಿಗೆ, ದೇವರ ಪಟದ ಹಿಂದೆ ಮಡಿಸಿಟ್ಟ ಸಾಲದ ಚೀಟಿ. ನಮಗೆ ನೋವಾದೀತೆಂದು ಮನೆಯವರು ಮುಚ್ಚಿಟ್ಟ ಸಂಗತಿಗಳಿವು.

ಆಟದಲ್ಲಿ ಎಲ್ಲ ಕೋಣೆಗಳನ್ನೂ ನೋಡಿ ಮುಗಿಸಲು ಎರಡು ಮೂರು ಗಂಟೆ ಸಾಕು. ಊರಿಗೆ ಹೋದವರು ತಮ್ಮ ಮನೆಯಲ್ಲಿಯೂ ಅಷ್ಟು ಹೊತ್ತು ಸಾವಧಾನವಾಗಿ ಸುತ್ತಾಡಿ, ಕಂಡುದನ್ನು ಕುರಿತು ಮೆಲ್ಲನೆ ವಿಚಾರಿಸಿದರೆ, ತಾಯಿಯೂ ಬಾಯಿಬಿಟ್ಟು ಹೇಳಿಯಾಳು.