ಮಾರ್ಸೆ ಮಗ್ಗುಲಿನ ಸುಣ್ಣಕಲ್ಲ ಕಡಲತೀರ

ಫ್ರಾನ್ಸಿನ ಎರಡನೇ ದೊಡ್ಡ ನಗರ ಮಾರ್ಸೆ. ಅದರ ಅಂಚಿನ ಲ್ಯುಮಿನಿ ವಿಶ್ವವಿದ್ಯಾಲಯ ಆವರಣದ ಬಳಿ ಸಿಟಿ ಬಸ್ಸಿಳಿದು ಪೈನ್ ಮರಗಳ ನಡುವಿನ ದಾರಿ ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಸ್ಯುಜಿತೋಂ ಎಂಬ ಕಿರುಕೊಲ್ಲಿ ಸಿಗುತ್ತದೆ. ಬೋಳು ಬಿಳಿ ಸುಣ್ಣಕಲ್ಲಿನ ಗೋಡೆಗಳು ನೆಟ್ಟಗೆ ನೀರಿಗಿಳಿದಿವೆ. ಅವುಗಳ ಸಂದಿಯಲ್ಲಿ ಮೆಡಿಟರೇನಿಯನ್ ಸಮುದ್ರ ಒಳನುಗ್ಗಿ ಹಸಿರು-ನೀಲಿಯಾಗಿ ನಿಂತಿದೆ. ಇಂಥ ಕಡಿದಾದ ಕಿರುಕೊಲ್ಲಿಗೆ ಇಲ್ಲಿ ಕಲಾಂಕ್ ಎನ್ನುತ್ತಾರೆ. ಕಸ್ಸಿ ಊರಿನವರೆಗೂ ಇವುಗಳದೇ ಸಾಲು. 2012ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು.

ಈ ಕಲಾಂಕ್‌ಗಳೆಲ್ಲ ಹಿಂದೆ ಒಣ ಕಣಿವೆಗಳು. ಹಿಮಯುಗ ಮುಗಿದು ಕಡಲು ಏರಿದಾಗ ಮುಳುಗಿದವು. ಮೊರ್ಜಿಯೂ ಕಲಾಂಕ್ ಬಳಿಯ ಕೊಸ್ಕೆರ್ ಗುಹೆಯೇ ಇದಕ್ಕೆ ಸಾಕ್ಷಿ. 1985ರಲ್ಲಿ ಮುಳುಗುಗಾರ ಆನ್ರಿ ಕೊಸ್ಕೆರ್ ಕಂಡುಹಿಡಿದ ಈ ಗುಹೆಯ ಬಾಯಿ ಇರುವುದು 37 ಮೀಟರ್ ಆಳದಲ್ಲಿ. ಒಳಗೆ ಕುದುರೆ, ಸೀಲ್, ಅಂಗೈ ಅಚ್ಚುಗಳ ಚಿತ್ರಗಳಿವೆ. ಹಳೆಯವಕ್ಕೆ ಸುಮಾರು 27 ಸಾವಿರ ವರ್ಷ. ಬರೆದವರು ನಡೆದುಕೊಂಡೇ ಒಳಹೊಕ್ಕವರು! ಈಗಲೂ ಏರುತ್ತಿರುವ ನೀರು ಆ ಚಿತ್ರಗಳನ್ನು ತಿನ್ನುತ್ತಿದೆ ಎಂಬುದು ಸಂಕಟದ ಮಾತು. ಗುಹೆಯೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅದರ ಪ್ರತಿಕೃತಿಯನ್ನು ಮಾರ್ಸೆಯಲ್ಲಿ 2022ರಿಂದ ನೋಡಬಹುದು.

ನಗರ ಹತ್ತಿರವಿದ್ದುದಕ್ಕೆ ಈ ಜಾಗ ಬೆಲೆ ತೆತ್ತಿದೆ. ಗಾರ್ದಾನ್ ಊರಿನ ಅಲ್ಯೂಮಿನಾ ಕಾರ್ಖಾನೆ ದಶಕಗಳ ಕಾಲ ಕೊಳವೆಯಲ್ಲಿ ಸಮುದ್ರದಾಳಕ್ಕೆ ಬಿಟ್ಟ ಕೆಂಪು ಕೆಸರು ನಿಂತದ್ದು 2015ರ ಕೊನೆಗೆ. ಜನರ ಕಾಲ್ತುಳಿತವೂ ಕಡಿಮೆಯದಲ್ಲ. ಬೇಸಿಗೆಯಲ್ಲಿ ದಿನಕ್ಕೆ 2,500ರವರೆಗೂ ಮಂದಿ ಸ್ಯುಜಿತೋಂಗೆ ಇಳಿಯುತ್ತಿದ್ದರು. ತೆಳುವಾದ ಮಣ್ಣು ಸವೆದು ಪೈನ್ ಬೇರುಗಳು ಬಯಲಾದವು, ಹೊಸ ಸಸಿ ಏಳಲಿಲ್ಲ. 2022ರಲ್ಲಿ ಉದ್ಯಾನದವರು ಬೇಸಿಗೆಯಲ್ಲಿ ದಿನಕ್ಕೆ 400 ಮಂದಿಯ ಮಿತಿ ಹಾಕಿದರು. ಮೊದಲೇ ಹೆಸರು ನೋಂದಾಯಿಸಬೇಕು, ಶುಲ್ಕವಿಲ್ಲ. ಹಣವಿದ್ದವರಿಗಷ್ಟೇ ಬಾಗಿಲು ತೆರೆಯುವ ಟಿಕೆಟ್ಟಿಗಿಂತ ಇದು ಎಷ್ಟೋ ನ್ಯಾಯವಾದ ದಾರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳ್ಗಿಚ್ಚಿನ ಭಯ. ಮಿಸ್ತ್ರಾಲ್ ಗಾಳಿ ಬೀಸುವ ದಿನ ಒಂದು ಕಿಡಿ ಸಾಕು. ಹಾಗಾಗಿ ಅಪಾಯ ಹೆಚ್ಚಿದ ದಿನ ದಾರಿಗಳನ್ನೇ ಮುಚ್ಚುತ್ತಾರೆ. ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಬೇಕು. ದಾರಿಯಲ್ಲಿ ಕುಡಿಯುವ ನೀರಿಲ್ಲ, ನೆರಳೂ ಕಡಿಮೆ. ಕಲ್ಲು ಸವೆದು ನುಣುಪಾಗಿರುವುದರಿಂದ ಹಿಡಿತವಿರುವ ಬೂಟು ಬೇಕು. ಸ್ಯುಜಿತೋಂಗೆ ಸರದಿ ಸಿಗದವರು ಕಸ್ಸಿ ಕಡೆಯಿಂದ ಪೋರ್‌ ಮಿಯೂ, ಪೋರ್‌ ಪ್ಯಾಂ ಕಲಾಂಕ್‌ಗಳನ್ನು ದಾಟಿ ಆಂವೋವರೆಗೆ ನಡೆಯಬಹುದು. ಕೊನೆಯ ಇಳಿಜಾರು ಕಡಿದಾಗಿದೆ. ಮಕ್ಕಳಿದ್ದರೆ ಪೋರ್‌ ಪ್ಯಾಂನಲ್ಲೇ ನಿಲ್ಲುವುದು ಒಳ್ಳೆಯದು.