ತಜ್ಞವೈದ್ಯರ ಪರೀಕ್ಷೆ ಮತ್ತು ರೋಗಿಯ ಮಾತು

ವೈದ್ಯನಿಗಿರಬೇಕಾದ ಗುಣಗಳು ನಾಲ್ಕೆಂದು ಚರಕಸಂಹಿತೆ ಎಣಿಸುತ್ತದೆ: ಶಾಸ್ತ್ರದ ನಿರ್ಮಲವಾದ ತಿಳಿವು, ಹಲವು ಸಲ ಕಂಡು ಮಾಡಿದ ಅನುಭವ, ದಕ್ಷತೆ, ಶುಚಿತ್ವ. ಮೊದಲನೆಯದನ್ನು ಅಳೆಯುವುದು ಸುಲಭ. ಉಳಿದವನ್ನು ಅಳೆಯುವ ಬಗೆ ಯಾವುದೆಂಬುದು ಇಂದಿಗೂ ಪರೀಕ್ಷಕರ ಮುಂದಿರುವ ಸಮಸ್ಯೆಯೇ ಸರಿ.

ನಮ್ಮ ದೇಶದಲ್ಲಿ ತಜ್ಞವೈದ್ಯರಾಗಲು ಮುಖ್ಯವಾಗಿ ಎರಡು ದಾರಿಗಳುಂಟು. ಮೊದಲನೆಯದು ವಿಶ್ವವಿದ್ಯಾನಿಲಯಗಳು ನೀಡುವ ಎಂ.ಡಿ., ಎಂ.ಎಸ್. ಪದವಿ. ಎರಡನೆಯದು ರಾಷ್ಟ್ರೀಯ ಪರೀಕ್ಷಾ ಮಂಡಳಿಯು ನೀಡುವ ಡಿ.ಎನ್.ಬಿ. ೧೯೭೫ರಲ್ಲಿ ಆರಂಭವಾದ ಈ ಮಂಡಳಿ ೧೯೮೨ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ವಿದ್ಯಾರ್ಥಿಗಳು ಕಲಿಯುವುದು ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ. ಅವರನ್ನು ಅಳೆಯುವುದು ಮಾತ್ರ ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯಿಂದ. ಕಲಿಸಿದ ಗುರುವಿನ ಅಭಿಮಾನವಾಗಲಿ ಮುನಿಸಾಗಲಿ ಫಲಿತಾಂಶವನ್ನು ಮುಟ್ಟಬಾರದೆಂಬ ಆಶಯ ಇದರಲ್ಲಿ ಸ್ಪಷ್ಟವಾಗಿದೆ.

ಎಂ.ಬಿ.ಬಿ.ಎಸ್. ಮುಗಿಸಿದವರು ೩ ವರ್ಷ ಆಸ್ಪತ್ರೆಯಲ್ಲಿ ದುಡಿದು, ಪ್ರಬಂಧವೊಂದನ್ನು ರಚಿಸಿ ಒಪ್ಪಿಸಬೇಕು. ಲಿಖಿತ ಪರೀಕ್ಷೆಗೆ ೪ ಪತ್ರಿಕೆಗಳು; ಒಂದೊಂದಕ್ಕೆ ೧೦೦ ಅಂಕ, ೩ ಗಂಟೆಯ ಕಾಲ. ಇದನ್ನು ದಾಟಿದ ಮೇಲೆ ಪ್ರಾಯೋಗಿಕ ಪರೀಕ್ಷೆ. ಅದಕ್ಕಾಗಿ ಅಪರಿಚಿತ ಊರಿನ ಅಪರಿಚಿತ ಆಸ್ಪತ್ರೆಗೆ ಹೋಗಬೇಕಾಗುವುದೂ ಉಂಟು.

ನಿಜವಾದ ಒರೆಗಲ್ಲು ಇರುವುದು ಇಲ್ಲಿಯೇ. ಪರೀಕ್ಷಾರ್ಥಿಯ ಎದುರಿಗೆ ಮಲಗಿರುವುದು ಜೀವಂತ ರೋಗಿ. ಅವನನ್ನು ಮಾತನಾಡಿಸಿ, ಬೇನೆ ಎಂದು ಮೊದಲಾಯಿತು, ಹೇಗೆ ಬೆಳೆಯಿತು ಎಂಬುದನ್ನು ಕೇಳಿ ತಿಳಿದು, ಮೈಯನ್ನು ಪರಿಶೀಲಿಸಿ, ಅನಂತರ ತನ್ನ ನಿರ್ಣಯವನ್ನು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳಬೇಕು. ರೋಗಿ ನುಡಿಯುವುದು ತನ್ನ ಮನೆಮಾತಿನಲ್ಲಿ. ಪರೀಕ್ಷಾರ್ಥಿ ಒಪ್ಪಿಸಬೇಕಾದುದು ಇಂಗ್ಲಿಷಿನಲ್ಲಿ. ಈ ಎರಡು ಭಾಷೆಗಳ ನಡುವಿನ ಕಾಲುಸೇತುವೆಯ ಮೇಲೆಯೇ ರೋಗನಿರ್ಣಯ ನಿಂತಿದೆ.

ಭಾಷೆಯ ಅಭ್ಯಾಸಿಗಳಾದ ನಾವು ಗಮನಿಸಬೇಕಾದ ಸಂಗತಿ ಇದು. 'ಸಂಕಟ' ಎಂಬ ಒಂದೇ ಮಾತು ನಮ್ಮ ಜನರ ಬಾಯಲ್ಲಿ ನೋವೂ ಹೌದು, ಓಕರಿಕೆಯೂ ಹೌದು, ದುಃಖವೂ ಹೌದು. 'ಸುಸ್ತು' ಎಂದವನಿಗೆ ಆಯಾಸವಿರಬಹುದು, ತಲೆಸುತ್ತಿರಬಹುದು, ಉಸಿರೇ ಸಾಲದಿರಬಹುದು. 'ಎದೆಯಲ್ಲಿ ಗ್ಯಾಸು ಹಿಡಿದಿದೆ' ಎಂದವನ ಮಾತನ್ನು ಇದ್ದಂತೆಯೇ ನಂಬಿದರೆ ಹೃದಯಾಘಾತ ಕೈತಪ್ಪಿ ಹೋದೀತು. ಪದಕ್ಕೆ ಪದವನ್ನಿಟ್ಟು ಭಾಷಾಂತರಿಸುವವನು ಇಲ್ಲಿ ಕೆಡುತ್ತಾನೆ. ಮರುಪ್ರಶ್ನೆ ಹಾಕಿ ಭಾವವನ್ನು ಹಿಡಿಯುವವನು ಗೆಲ್ಲುತ್ತಾನೆ. ಆದರೆ ಆ ಸೋಲುಗೆಲುವುಗಳ ಫಲವನ್ನು ಉಣ್ಣುವವನು ರೋಗಿ.

ಪೆರೇಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಕನ್ನಡವೂ ತೆಲುಗೂ ಒಂದೇ ಜಗಲಿಯಲ್ಲಿ ಕುಳಿತು ಹರಟುವ ಸೀಮೆ ಇದು. ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ತಜ್ಞರನ್ನರಸಿ ಹೋಗುವ ಮುದುಕಿ ಎರಡು ನುಡಿಗಳನ್ನೂ ಬೆರೆಸಿ ತನ್ನ ಬೇನೆಯನ್ನು ಹೇಳಿಕೊಳ್ಳುತ್ತಾಳೆ. ಅವಳ ಪಾಲಿಗೆ ವೈದ್ಯರ ಹೆಸರಿನ ಮುಂದಿರುವ ಅಕ್ಷರಗಳಿಗಿಂತ, ತನ್ನ ಮಾತು ಅವರಿಗೆ ತಲುಪಿತೇ ಎಂಬುದೇ ದೊಡ್ಡ ಪ್ರಶ್ನೆ.

ಬ್ರಿಟನ್ನಿನ ರಾಯಲ್ ಕಾಲೇಜುಗಳು ಸದಸ್ಯತ್ವಕ್ಕಾಗಿ ನಡೆಸುವ 'ಪೇಸಸ್' ಎಂಬ ಪ್ರಾಯೋಗಿಕ ಪರೀಕ್ಷೆ ೨೦೦೧ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಅಳೆಯುವ ಏಳು ಕೌಶಲಗಳಲ್ಲಿ ರೋಗಿಯೊಡನೆ ಮಾತನಾಡುವ ಬಗೆ ಒಂದು. ಅವನ ಆತಂಕಕ್ಕೆ ಸಮಾಧಾನ ಹೇಳುವುದು ಇನ್ನೊಂದು. ಇಬ್ಬರು ಪರೀಕ್ಷಕರು ಒಬ್ಬರನ್ನೊಬ್ಬರು ಕೇಳದೆ ಬೇರೆಬೇರೆಯಾಗಿ ಅಂಕ ಹಾಕುತ್ತಾರೆ. ಆಲಿಸುವ ಗುಣವನ್ನೂ ಅಳೆಯಬಹುದೆಂಬುದಕ್ಕೆ ಇದು ನಿದರ್ಶನ.

ನಮ್ಮಲ್ಲಿಯೂ ೨೦೧೯ರ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಆರಂಭದಲ್ಲಿಯೇ ಸ್ಥಳೀಯ ಭಾಷೆಯ ಕಲಿಕೆಗೆ ಎಡೆಮಾಡಿಕೊಟ್ಟಿದೆ. ಬಾಗಿಲಲ್ಲಿ ಕಲಿಸಿದ ಈ ಪಾಠವನ್ನು ತಜ್ಞತೆಯ ಕೊನೆಯ ಮೆಟ್ಟಿಲಿನಲ್ಲಿಯೂ ತಪ್ಪದೆ ಒಪ್ಪಿಸಿಕೊಳ್ಳುವಂತಾಗಬೇಕು. ರೋಗಿಯ ನುಡಿಯನ್ನು ಅರಿಯುವುದು ವೈದ್ಯನಿಗೆ ಸೌಜನ್ಯದ ಮಾತಷ್ಟೇ ಅಲ್ಲ. ಅದು ಚಿಕಿತ್ಸೆಯ ಮೊದಲ ಹೆಜ್ಜೆ.